ಬಿಜಲಿಯ ಎಣ್ಣೆನೀರು

ಶಂಕ್ರೆಪ್ಪ ಸಾವಕಾರರ ಮನೆಯಲ್ಲಿ ಬುದ್ಧಿ ಇದ್ದದ್ದು ಇಬ್ಬರಿಗೇ ಎಂದು ಸಂಗಪ್ಪ ಗಟ್ಟಿಯಾಗಿ ನಂಬಿದ್ದ. ಒಬ್ಬಳು ಹಿತ್ತಲಲ್ಲಿ ಕಟ್ಟಿದ ಬೇಟೆನಾಯಿ ಬಿಜಲಿ, ಇನ್ನೊಬ್ಬ ತಾನು. ಸಾವಕಾರರಿಗೆ ಅರಳೆಪೇಟೆಯ ದರ ಬಾಯಿಪಾಠವಿರಬಹುದು, ಶೇಠಜಿಗಳ ಜೊತೆ ಅವರದೇ ಗುಜರಾತಿಯಲ್ಲಿ ಜಗಳವಾಡಿ ಗೆಲ್ಲಬಹುದು. ಆದರೆ ನಾಯಿಯ ಕಿವಿ ಹಿಂದಕ್ಕೆ ಮಡಚಿದರೆ ಏನು, ಮುಂದಕ್ಕೆ ನಿಂತರೆ ಏನು ಎಂದು ತಿಳಿಯದವನನ್ನು ಸಂಗಪ್ಪ ಮನುಷ್ಯರ ಲೆಕ್ಕದಲ್ಲಿ ಹಿಡಿಯುತ್ತಿರಲಿಲ್ಲ. ಹಾಗೆ ನೋಡಿದರೆ ಸಯನ್ನಿನಿಂದ ಕೊಲಾಬಾದವರೆಗೆ ಮುಂಬಯಿಯಲ್ಲಿ ಮನುಷ್ಯರೇ ಇರಲಿಲ್ಲ.

ಈ ಸೊಕ್ಕು ಅವನಿಗೆ ಪುಕ್ಕಟೆ ಬಂದದ್ದಲ್ಲ. ಅವನ ಅಜ್ಜ, ಅಪ್ಪ, ಮೂರನೆಯವನಾಗಿ ಅವನು, ಘಟಪ್ರಭೆಯ ದಂಡೆಯ ಸಂಸ್ಥಾನದ ಶಿಕಾರಿಖಾನೆಯಲ್ಲಿ ನಾಯಿ ಸಾಕಿದವರು. ನಲವತ್ತು ನಾಯಿ, ಆರು ಆಳು. ಅಲ್ಲಿ ಒಂದು ರಿವಾಜಿತ್ತು. ನಾಯಿಯ ವಿಷಯ ಬಂದಾಗ ದೊಡ್ಡ ಸಾಹೇಬರು ತಾವಾಗಿ ಏನನ್ನೂ ಹೇಳುತ್ತಿರಲಿಲ್ಲ. ನಾಯಿಯವನ ಕಡೆ ತಿರುಗಿ, "ಏನಂತಿ ಸಂಗಪ್ಪಾ?" ಎಂದು ಕೇಳುತ್ತಿದ್ದರು. ಕೇಳಿದ ಮೇಲೆ ಅವನು ಹೇಳಿದ್ದೇ ಕೊನೆಯ ಮಾತು. ಕೇಳುವ ತನಕ ಅವನು ತುಟಿ ಬಿಚ್ಚುತ್ತಿರಲಿಲ್ಲ. ಬಂದೂಕಿನ ಮನುಷ್ಯರು ಬರಿಗಾಲಿನ ಮನುಷ್ಯನನ್ನು ಕೇಳುವ ಆ ಒಂದು ಗಳಿಗೆಗಾಗಿ ಅವನ ವಂಶ ಮೂರು ತಲೆಮಾರು ನಾಯಿಯ ಹೇಲು ಬಳಿದಿತ್ತು.

ಆಮೇಲೆ ಸಂಸ್ಥಾನ ವಿಲೀನವಾಯಿತು. ಶಿಕಾರಿಖಾನೆಗೆ ಬೀಗ ಬಿತ್ತು. ಆಳಿಗೊಂದು ನಾಯಿ ಕೊಟ್ಟು ಮನೆಗೆ ಕಳಿಸಿದರು. ಸಂಗಪ್ಪ ಆರಿಸಿಕೊಂಡದ್ದು ಕಣ್ಣು ಬಿಟ್ಟು ವಾರವಾಗಿದ್ದ ಒಂದು ಹೆಣ್ಣುಮರಿಯನ್ನು. ಅದರ ಎಡ ಮುಂಗಾಲು ಬೆಳ್ಳಗಿತ್ತು. ಅದರ ತಾಯಿಗೂ ಹಾಗೇ ಇತ್ತು, ಅಜ್ಜಿಗೂ ಮುತ್ತಜ್ಜಿಗೂ ಇತ್ತು. ಅಷ್ಟನ್ನೂ ಅವನೇ ಕೈಯಾರೆ ಕೂಡಿಸಿ ಬೆಳೆಸಿದ್ದ. ಉಳಿದ ನಾಯಿಗಳು ಎಲ್ಲೆಲ್ಲಿ ಹೋದವೋ, ಬೆಳ್ಳಗಾಲಿನ ತಳಿಯಲ್ಲಿ ಉಳಿದವಳು ಬಿಜಲಿ ಒಬ್ಬಳೇ.

ಊರಲ್ಲಿ ಕೂಲಿ ಹುಟ್ಟದೆ ಅವನು ಮುಂಬಯಿಗೆ ಬಂದಾಗ ಧಾರಾವಿಯ ಖೋಲಿಯಲ್ಲಿ ಏಳು ಮಂದಿ ಮಲಗುತ್ತಿದ್ದರು. ಎಂಟನೆಯದಾಗಿ ನಾಯಿಗೆ ಜಾಗವಿರಲಿಲ್ಲ. ಶಂಕ್ರೆಪ್ಪ ಬಿಜಾಪುರದ ಕಡೆಯವರು, ಸಯನ್ನಿನಲ್ಲಿ ನೆಲಅಂತಸ್ತಿನ ಮನೆ, ಹಿಂದೆ ಹಿತ್ತಲು. ನಾಯಿಯನ್ನು ತಮಗೆ ಕೊಟ್ಟರೆ ಗೋದಾಮಿನ ಕಾವಲು ಕೆಲಸ ಕೊಡುತ್ತೇನೆ ಎಂದರು. ಸಂಗಪ್ಪ ಒಂದೇ ಮಾತು ಕೇಳಿಕೊಂಡಿದ್ದ: ಬಿಜಲಿ ಈದಾಗ ಒಂದು ಹೆಣ್ಣುಮರಿ ತನಗೆ. ಸಾವಕಾರರು ಆಗಲಿ ಎಂದು ಕೈಮೇಲೆ ಕೈ ಹಾಕಿದ್ದರು. ಆ ಮರಿ ಕೈಗೆ ಬಂದ ದಿನ ಊರಿಗೆ ಹೋಗುವುದೆಂದು ಅವನು ನಿಶ್ಚಯಿಸಿದ್ದ. ಬೆಳ್ಳಗಾಲಿನ ಮರಿ ಬಗಲಲ್ಲಿದ್ದರೆ ಅವನು ಶಿಕಾರಿಖಾನೆಯ ಸಂಗಪ್ಪ. ಬರಿಗೈಲಿ ಹೋದರೆ ಮುಂಬಯಿಯಲ್ಲಿ ಯಾರದೋ ಗೋದಾಮು ಕಾಯ್ದು ಬಂದ ಒಬ್ಬ ಮುದುಕ.

ಐದು ವರ್ಷ ಸಾವಕಾರರಿಗೆ ನಾಯಿಯ ನೆನಪೇ ಇರಲಿಲ್ಲ. ಅವರ ಕಣ್ಣು ತೆರೆಸಿದ್ದು ಒಬ್ಬ ಶೇಠಜಿ. ಆತ ತನ್ನ ಬಂಗಲೆಯ ಅಲ್ಸೇಶನ್ ಮರಿಗಳನ್ನು ಲೈಸೆನ್ಸ್ ಕೊಡುವ ಸಾಹೇಬರ ಮನೆಗಳಿಗೆ ಬುಟ್ಟಿಯಲ್ಲಿಟ್ಟು ಕಳಿಸುತ್ತಾನೆ ಎಂದು ಕೇಳಿದ್ದೇ ತಡ, ತಮ್ಮ ಹಿತ್ತಲಲ್ಲೂ ಒಂದು ನಾಯಿ ಇದೆಯೆಂದು ಹೊಳೆಯಿತು. ಗಂಡು ಹುಡುಕಿದರು. ಸಾಂತಾಕ್ರೂಜ್‌ನಲ್ಲಿ ಹೊಟೇಲು ಇಟ್ಟಿದ್ದ ಉಡುಪಿ ಕಡೆಯ ಮೋನಪ್ಪನ ಬಳಿ ಅದೇ ಜಾತಿಯ ಗಂಡುನಾಯಿ ಇತ್ತು. ಊರು ಬಿಟ್ಟುಹೋಗುವಾಗ ಯಾವನೋ ಪೊಲೀಸ್ ಅಧಿಕಾರಿ ದಾನ ಮಾಡಿದ್ದು, ಹೆಸರು ಟೈಗರ್.

ಬಿಜಲಿಗೆ ಆಗ ಏಳು ತುಂಬಿತ್ತು. ವರ್ಷಕ್ಕೊಂದೇ ಸಲ ಬೆದೆಗೆ ಬರುವವಳು. ಮುಂದಿನ ವರ್ಷಕ್ಕೆ ಎಂಟಾಗುತ್ತದೆ, ಆ ವಯಸ್ಸಿನಲ್ಲಿ ಚೊಚ್ಚಲು ಈಯಲು ಹೋದರೆ ತಾಯಿಯೂ ಉಳಿಯುವುದಿಲ್ಲ, ಮರಿಯೂ ಉಳಿಯುವುದಿಲ್ಲ. ಈ ಸಲ ಆದರೆ ಆಯಿತು, ಇಲ್ಲದಿದ್ದರೆ ಬೆಳ್ಳಗಾಲು ಅಲ್ಲಿಗೆ ಮುಗಿಯಿತು. ಒಂದು ಸೋಮವಾರ ಬೆಳಿಗ್ಗೆ ಅವಳು ಮಲಗಿದ್ದ ಗೋಣಿಯ ಮೇಲೆ ಸಂಗಪ್ಪನಿಗೆ ನೆತ್ತರಿನ ಕಲೆ ಕಂಡಿತು. ಅವನು ಹೋಗಿ ಸಾವಕಾರರಿಗೆ ಅಷ್ಟನ್ನೇ ತಿಳಿಸಿದ.

"ಬೆದಿಗಿ ಬಂದಾಳ್ರಿ ಸಾವ್ಕಾರ್ರ."

ಇನ್ನು ಅವರು ಕೇಳುತ್ತಾರೆ ಎಂದು ನಿಂತ. ಯಾವ ದಿನ, ಎಲ್ಲಿ, ಹೇಗೆ, ಎಲ್ಲಕ್ಕೂ ಉತ್ತರ ಅವನ ನಾಲಗೆಯ ತುದಿಯಲ್ಲಿತ್ತು. ಹತ್ತರಿಂದ ಹದಿನಾಲ್ಕನೆಯ ದಿನದೊಳಗೆ ಆಗಬೇಕು. ಹೆಣ್ಣನ್ನೇ ಗಂಡಿನ ಜಾಗಕ್ಕೆ ಒಯ್ಯಬೇಕು, ಹೊಸ ಜಾಗದಲ್ಲಿ ಗಂಡುನಾಯಿ ಹೆದರುತ್ತದೆ. ಗದ್ದಲವಿರಬಾರದು. ಶಂಕ್ರೆಪ್ಪ ಮೀಸೆ ತಿರುವುತ್ತ, "ಹೌದಾ? ಭೇಷಾತು" ಎಂದು ಅಂಗಿ ತೊಟ್ಟುಕೊಂಡು ಮಾಟುಂಗಾದ ಪಂಚಾಂಗದ ಅಯ್ಯನ ಬಳಿ ಹೋದರು.

ನಾಯಿಗಳ ಸಂಬಂಧ ಎನ್ನಲು ಸಾವಕಾರರಿಗೆ ನಾಚಿಕೆ. ಒಂದು ಶುಭಕಾರ್ಯ ಎಂದರು. ಅಯ್ಯ ಹೆಸರು ಕೇಳಿದ. ಹುಡುಗಿ ಬಿಜಲವ್ವ, ಹುಡುಗ ಹುಲಿಗೆಪ್ಪ ಎಂದರು. ಅಯ್ಯ ಬೆರಳು ಮಡಚಿ, ಮೂವತ್ತಾರರಲ್ಲಿ ಇಪ್ಪತ್ತೆಂಟು ಗುಣ ಕೂಡಿವೆ, ಬರುವ ವಾರ ಗುರುವಾರ ಗೋಧೂಳಿ ಎಂದು ಬರೆದುಕೊಟ್ಟ. ಲೆಕ್ಕ ಹಾಕಿದರೆ ಅದು ಹನ್ನೊಂದನೆಯ ದಿನ. ಕತ್ತಲಲ್ಲಿ ಎಸೆದ ಕಲ್ಲು ಕಾಯಿಗೇ ತಾಗಿತಲ್ಲ ಎಂದು ಸಂಗಪ್ಪ ಮೂಗಿನಲ್ಲೇ ನಕ್ಕ.

ನಿಜವಾದ ಅನಾಹುತಕ್ಕೆ ಕೈ ಹಾಕಿದವಳು ಸಾವಕಾರರ ಹೆಂಡತಿ ಅಂಬವ್ವ. ಆಕೆ ಒಳ್ಳೆಯ ಹೆಂಗಸು. ಒಳ್ಳೆಯವರು ಮಾಡುವಷ್ಟು ಕೇಡನ್ನು ಕೆಟ್ಟವರು ಮಾಡಿದ್ದನ್ನು ಸಂಗಪ್ಪ ಇನ್ನೂ ನೋಡಿರಲಿಲ್ಲ. ಆಕೆಗೆ ಮೂವರು ಗಂಡುಮಕ್ಕಳು, ಮಗಳಿಗೆ ಅರಿಷಿಣ ಹಚ್ಚಿ ಎರೆಯುವ ಭಾಗ್ಯ ಬಂದಿರಲಿಲ್ಲ. ಗುರುವಾರ ಮಧ್ಯಾಹ್ನ ಬಚ್ಚಲಲ್ಲಿ ಹಂಡೆ ಕಾಯಿಸಿ, ಬಿಜಲಿಯನ್ನು ಕೂರಿಸಿ, ಮೈಗೆಲ್ಲ ಹರಳೆಣ್ಣೆ ತಿಕ್ಕಿ, ಸೀಗೆಕಾಯಿ ಹಾಕಿ ಉಜ್ಜಿ ಉಜ್ಜಿ ತೊಳೆದಳು. ಬಾಲದ ಬುಡವನ್ನಂತೂ ಮೂರು ಸಲ ತೊಳೆದಳು.

"ಬೀಗರು ಬರತಾರ, ಹೊಲಸು ನಾರಬಾರದು ನಮ್ಮ ಹುಡುಗಿ" ಎಂದು ಅರಿಷಿಣ ಬಳಿದು ಹಣೆಗೆ ಕುಂಕುಮ ಇಟ್ಟಳು.

ಸಂಗಪ್ಪ ಬಚ್ಚಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ. ಆ ನಾತವೇ ಹೆಣ್ಣುನಾಯಿಯ ಕರೆ. ಅದನ್ನು ತೊಳೆದು ಮೋರಿಗೆ ಹರಿಸಿದ ಮೇಲೆ ಗಂಡುನಾಯಿಗೆ ಇವಳೂ ಒಂದೇ, ಒರಳುಕಲ್ಲೂ ಒಂದೇ. ಹೇಳಬಹುದಿತ್ತು. "ಅವ್ವಾರ, ತೊಳೀಬ್ಯಾಡ್ರಿ" ಎಂದರೆ ಎರಡು ಮಾತು. ಆದರೆ ಆಕೆ ಒಮ್ಮೆಯೂ ಅವನ ಮುಖ ನೋಡಲಿಲ್ಲ. ನೀರು ತಂದುಕೊಡು ಎಂದಳು, ಟವೆಲ್ ಕೊಡು ಎಂದಳು, ಏನಂತಿ ಎನ್ನಲಿಲ್ಲ. ಅನುಭವಿಸಲಿ ಎಂದುಕೊಂಡ. ಇಂದು ಕೆಡುತ್ತದೆ, ನಾಳೆ ಕೈಜೋಡಿಸಿ ಬಂದು ಕೇಳುತ್ತಾರೆ. ಇನ್ನೂ ಮೂರು ದಿನ ಕೈಯಲ್ಲಿದೆ. ಅವನಿಗೆ ಮರಿಯೂ ಬೇಕಿತ್ತು, ಅವರು ಬಂದು ಕೇಳುವ ಮರ್ಯಾದೆಯೂ ಬೇಕಿತ್ತು. ಎರಡೂ ಒಟ್ಟಿಗೆ ಸಿಗುತ್ತವೆ ಎಂಬ ಧೈರ್ಯದಲ್ಲಿ ಅವನು ಇನ್ನೊಂದು ಬಿಂದಿಗೆ ನೀರು ತಂದುಕೊಟ್ಟ.

ಸಂಜೆ ಮೋನಪ್ಪ ಟ್ಯಾಕ್ಸಿಯಲ್ಲಿ ಬಂದಿಳಿದ. ಕೈಯಲ್ಲಿ ಮೈಸೂರುಪಾಕಿನ ಡಬ್ಬ. ಹಿಂದೆ, ಕೊರಳಲ್ಲಿ ಚೆಂಡುಹೂವಿನ ಮಾಲೆ ಹಾಕಿಕೊಂಡು, ಎರಡು ಸಲ ತಳ್ಳಿಸಿಕೊಂಡು ಕೆಳಗಿಳಿದದ್ದು ಟೈಗರ್. ಸಂಗಪ್ಪನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಪಂಜ ನೋಡಿದರೆ ಅಪ್ಪಟ ಜಾತಿ, ಎದೆಯ ಮೂಳೆ ಕೂಡ ಸರಿ. ಆದರೆ ಪಕ್ಕೆಲುಬು ಎಣಿಸಲು ಸಿಗಬೇಕಾದ ಜಾಗದಲ್ಲಿ ಮೋನಪ್ಪನ ಹೊಟೇಲೇ ತುಂಬಿಕೊಂಡಿತ್ತು. ಮಿಕ್ಕ ಇಡ್ಲಿ, ಮಿಕ್ಕ ಗೋಳಿಬಜೆ, ಮಿಕ್ಕ ಶಿರಾ. ಮೊಲದ ಹಿಂದೆ ಹರಿದಾರಿ ಓಡಬೇಕಾದ ಪ್ರಾಣಿ ಮೂರು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಿತು.

"ಏನು ತಿಂತದ್ರಿ ನಿಮ್ಮ ಹುಡುಗ?" ಎಂದು ಅಂಬವ್ವ ಕೇಳಿದಳು.

"ಎಂತ ಕೊಟ್ರೂ ತಿಂತದೆ ಅಕ್ಕ. ಚಟ್ನಿ ಮಾತ್ರ ಸ್ವಲ್ಪ ಖಾರ ಇರ್ಬಾರ್ದು" ಎಂದ ಮೋನಪ್ಪ ಹೆಮ್ಮೆಯಿಂದ.

ಬಿಲ್ಡಿಂಗಿನ ಅರ್ಧ ಜನ ಹಿತ್ತಲ ಗೋಡೆಯ ಮೇಲಿದ್ದರು. ಟೈಗರ್ ಅಷ್ಟು ಜನರನ್ನು, ಆ ಹೊಸ ಮನೆಯನ್ನು ಒಮ್ಮೆ ನೋಡಿತು, ಬಾಲವನ್ನು ಕಾಲ ಸಂದಿಗೆ ಸೇರಿಸಿತು, ನೇರ ಒಳಗೆ ನುಗ್ಗಿ ಸಾವಕಾರರ ಮಂಚದ ಕೆಳಗೆ ಹೊಕ್ಕಿತು. ಬಿಜಲಿ ತಾನಾಗಿ ಮಂಚದ ಹತ್ತಿರ ಹೋಗಿ ನಿಂತಳು, ಬಾಲ ಪಕ್ಕಕ್ಕೆ ಸರಿಸಿದಳು. ಇದಕ್ಕಿಂತ ಹೆಚ್ಚು ಹೇಳಲು ಯಾವ ಹೆಣ್ಣಿಗೂ ಆಗುವುದಿಲ್ಲ. ಟೈಗರ್ ಮೂಗು ಚಾಚಿ ಸೀಗೆಕಾಯಿಯ ವಾಸನೆ ತೆಗೆದುಕೊಂಡು ಮೂಲೆಗೆ ಇನ್ನಷ್ಟು ಸರಿಯಿತು. ಎರಡು ತಾಸು ಕರೆದರು, ಹೊಗಳಿದರು, ಮೈಸೂರುಪಾಕು ತೋರಿಸಿದರು. ಅದು ಮೈಸೂರುಪಾಕಿಗೆ ಮಾತ್ರ ಹೊರಗೆ ಬಂತು.

"ನಾಚಿಕೆ ಮಾರಾಯ್ರೆ. ಒಳ್ಳೆ ಮನೆತನದ್ದಲ್ವಾ" ಎಂದ ಮೋನಪ್ಪ.

ಮರುದಿನದಿಂದ ಮರ್ಯಾದೆಯ ಜಗಳ ಶುರುವಾಯಿತು. ಹೆಣ್ಣನ್ನೇ ಸಾಂತಾಕ್ರೂಜ್‌ಗೆ ಕರೆತನ್ನಿ ಎಂದು ಮೋನಪ್ಪ ಹೇಳಿಕಳಿಸಿದ. ಅದು ಅವನಿಗೆ ಟ್ಯಾಕ್ಸಿಯ ತೊಂದರೆ ತಪ್ಪಲೆಂದು ಹೇಳಿದ್ದೇ ಹೊರತು ತಿಳಿದು ಹೇಳಿದ್ದಲ್ಲ. ಶಂಕ್ರೆಪ್ಪ ಸಿಡಿದೆದ್ದರು. "ಹೆಣ್ಣು ಕಟಗೊಂಡು ಗಂಡಿನ ಮನಿ ಬಾಗಲಾ ಬಡಿಯೂ ಮಂದಿ ಅಲ್ಲ ನಾವು" ಎಂದರು. ಶುಕ್ರವಾರ ಹೋಯಿತು, ಶನಿವಾರ ಹೋಯಿತು. ಮೂವತ್ತು ಅಂಗಡಿಗಳ ಜೊತೆ ವ್ಯವಹಾರ ಮಾಡುವ ಗಂಡಸು ನಾಯಿಯ ಬೀಗತನದಲ್ಲಿ ಯಾರು ಮೊದಲು ಬಗ್ಗಬೇಕು ಎಂದು ಎರಡು ದಿನ ಟೆಲಿಫೋನಿನ ಮುಂದೆ ಕೂತಿದ್ದರು. ಅದೇ ಕೋಣೆಯ ಹೊಸ್ತಿಲಲ್ಲಿ ಸಂಗಪ್ಪ ಕಸಬರಿಗೆ ಹಿಡಿದು ನಿಂತಿದ್ದ. ಸಾವಕಾರರು ಹಮಾಲರನ್ನು ಕೇಳಿದರು, ಪೇಟೆಯ ಗುಮಾಸ್ತನನ್ನು ಕೇಳಿದರು, ಕ್ಷೌರ ಮಾಡಲು ಬಂದವನನ್ನೂ ಕೇಳಿದರು. ಇವನನ್ನು ಬಿಟ್ಟು ಎಲ್ಲರನ್ನೂ ಕೇಳಿದರು.

ಭಾನುವಾರ, ಹದಿನಾಲ್ಕನೆಯ ದಿನ, ಕೊನೆಗೂ ಸಾವಕಾರರು ಬಗ್ಗಿದರು. ಅಂಬವ್ವ ಈ ಸಲ ಎಣ್ಣೆನೀರಿನ ಜೊತೆ ಬಿಜಲಿಯ ಕುತ್ತಿಗೆಗೆ, ಬೆನ್ನಿಗೆ, ಬಾಲಕ್ಕೆ ಗುಲಾಬಿ ಅತ್ತರು ತೀಡಿದಳು. ಸಾಂತಾಕ್ರೂಜ್‌ನಲ್ಲಿ ಹೊಟೇಲಿನ ಹಿಂದೆ, ಸೌದೆ ಒಟ್ಟಿದ ಅಂಗಳ. ಅಡುಗೆಯವರು, ಮಾಣಿಗಳು ಕಿಟಕಿಯಲ್ಲಿ ಮುಖ ತುಂಬಿಕೊಂಡಿದ್ದರು. ತನ್ನ ಅಂಗಳದಲ್ಲಿ ಟೈಗರ್ ಹೆದರಲಿಲ್ಲ. ಗಂಡಸಿನಂತೆಯೇ ನಡೆದು ಬಂತು, ಬಿಜಲಿಯ ಹಿಂದೆ ಹೋಯಿತು, ಮೂಗು ಇಟ್ಟಿತು. ಆಮೇಲೆ ಸೀನಿತು. ಒಂದಲ್ಲ, ಎಂಟು ಸಲ ಸೀನಿ, ಕಣ್ಣಲ್ಲಿ ನೀರು ತುಂಬಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ಮಲಗಿಬಿಟ್ಟಿತು. ಕಿಟಕಿಯ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿಮ್ಮ ಹುಡುಗಿಗೆ ವಯಸ್ಸಾಯ್ತಲ್ಲ ಶಂಕ್ರೆಪ್ಪನವರೇ. ಅವ್ನಿಗೆ ಮನಸ್ಸು ಬರುದಿಲ್ಲ" ಎಂದ ಮೋನಪ್ಪ.

"ನಿಮ್ಮ ಹುಡುಗಗ ಇಡ್ಲಿ ಅಷ್ಟ ಕಾಣತಾವ" ಎಂದರು ಶಂಕ್ರೆಪ್ಪ.

ಹಿಂದಿರುಗುವ ಟ್ಯಾಕ್ಸಿಯಲ್ಲಿ ಸಂಗಪ್ಪ ಬಿಜಲಿಯನ್ನು ಕಾಲಬುಡದಲ್ಲಿ ಕೂರಿಸಿಕೊಂಡಿದ್ದ. ಅತ್ತರಿನ ನಡುವೆಯೂ ಅವಳ ಮೈ ಬಿಸಿಯಾಗಿರುವುದು ಕೈಗೆ ತಿಳಿಯುತ್ತಿತ್ತು. ಇವತ್ತು, ನಾಳೆ, ಹೆಚ್ಚೆಂದರೆ ನಾಡಿದ್ದು ಬೆಳಿಗ್ಗೆ. ಅವನಿಗೆ ಮೊದಲ ಸಲ ಭಯವಾಯಿತು. ಮಾಹೀಮ್ ದಾಟುವಾಗ ಅವನು ಗಂಟಲು ಸರಿಮಾಡಿಕೊಂಡ.

"ಅವ್ವಾರ..."

"ಸುಮ್ಮ ಕುಂಡ್ರೊ ಸಂಗಪ್ಪಾ. ತೆಲಿ ಸಿಡ್ಯಾಕತ್ತೈತಿ" ಎಂದಳು ಅಂಬವ್ವ ಕಣ್ಣು ಮುಚ್ಚಿಕೊಂಡು.

ನಿಜ ಹೇಳಬೇಕೆಂದರೆ ಆ ಮಾತು ಕೇಳಿ ಅವನಿಗೆ ಒಂದು ಬಗೆಯ ಸಮಾಧಾನವೇ ಆಯಿತು. ಹೇಳಲು ಹೋದೆ, ಬಾಯಿ ಮುಚ್ಚಿಸಿದರು. ಇನ್ನು ಏನೇ ಆದರೂ ಮೊದಲು ಅವರೇ ಕೇಳಬೇಕು. ಇಂಥ ಜನರ ಉಪ್ಪು ತಿನ್ನುವ ಗತಿ ತನಗೆ ಬಂತಲ್ಲ ಎಂದು ದಾದರಿನಲ್ಲಿ ಒಂದು ಸಲ, ಮಾಟುಂಗಾದಲ್ಲಿ ಒಂದು ಸಲ ಮನಸ್ಸಿನಲ್ಲೇ ಕ್ಯಾಕರಿಸಿ ಉಗಿದ. ಸೋಮವಾರ ಯಾರೂ ಕೇಳಲಿಲ್ಲ. ಮಂಗಳವಾರ ಅವನು ಬಿಜಲಿಯ ಬೆನ್ನು ಕೆರೆದ. ಬಾಲ ಪಕ್ಕಕ್ಕೆ ಸರಿಯಿತು, ಆದರೆ ಸೋಮಾರಿತನದಿಂದ, ಅರ್ಧ ದಾರಿ ಮಾತ್ರ; ಬೆದೆ ಇಳಿಯುತ್ತಿತ್ತು. ಅವನು ಕೈ ತೆಗೆದುಕೊಂಡ. ಮತ್ತೊಮ್ಮೆ ಕೆರೆದು ನೋಡುವ ಧೈರ್ಯ ಅವನಿಗಿರಲಿಲ್ಲ.

ಬುಧವಾರ ಬೆಳಿಗ್ಗೆ ಸಯನ್ನಿನಲ್ಲಿ ನಳಕ್ಕೆ ನೀರು ಬರಲಿಲ್ಲ. ರಸ್ತೆಯಲ್ಲೆಲ್ಲೋ ಪೈಪು ಒಡೆದಿತ್ತಂತೆ. ಅಂಬವ್ವ ಖಾಲಿ ಹಂಡೆಯ ಮುಂದೆ ಕೂತು, ಮೀಯಿಸದ ಹುಡುಗಿಯ ಜೊತೆ ತಾನು ಬರುವುದಿಲ್ಲ ಎಂದಳು. ಭಾನುವಾರದ ಬಳಿಕ ಬಿಜಲಿ ಎರಡು ದಿನ ಹಿತ್ತಲ ಮಣ್ಣಿನಲ್ಲಿ ಹೊರಳಿದ್ದಳು, ಅತ್ತರೆಲ್ಲ ಹೋಗಿತ್ತು. ಮೂರನೆಯ ಸಲವೂ ನೋಡಿಬಿಡೋಣ ಎಂದು ಮೋನಪ್ಪ ಬುಧವಾರಕ್ಕೆ ಬರಹೇಳಿದ್ದ. ಮಾತು ಕೊಟ್ಟಾಗಿದೆ ಎಂದು ಶಂಕ್ರೆಪ್ಪ ಹಾಗೆಯೇ ಹೊರಟರು. ಹಗ್ಗ ಹಿಡಿದು ಸಂಗಪ್ಪ ಹೋದ.

ಅದೇ ಅಂಗಳ. ಮಲಗಿದ್ದ ಟೈಗರ್ ತಲೆ ಎತ್ತಿತು. ಮೂಗು ಗಾಳಿಯಲ್ಲಿ ಅಲುಗಿತು. ಮರುಗಳಿಗೆಗೆ ಆ ಇಡ್ಲಿಯ ಮೂಟೆ ಎದ್ದು ನಿಂತಿತು, ಹಗ್ಗ ಹಿಡಿದಿದ್ದ ಮಾಣಿಯನ್ನು ಎಳೆದುಕೊಂಡೇ ಬಂತು. ಬಾಲ ನೆಟ್ಟಗೆ, ಕಿವಿ ನೆಟ್ಟಗೆ, ಬಾಯಲ್ಲಿ ನೊರೆ. ಕಿಟಕಿಯಲ್ಲಿ ನಗುತ್ತಿದ್ದವರು ಸುಮ್ಮನಾದರು. ಸಂಗಪ್ಪನಿಗೆ ಒಂದು ಗಳಿಗೆ ಶಿಕಾರಿಖಾನೆಯ ಅಂಗಳವೇ ಕಣ್ಣಿಗೆ ಕಟ್ಟಿತು. ಹದಿನೇಳನೆಯ ದಿನ, ಆದರೂ ಗಬ್ಬ ಕಟ್ಟಬಹುದು, ಒಂದೊಂದು ಹೆಣ್ಣು ತಡವಾಗಿಯೂ ಕಟ್ಟುತ್ತದೆ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡ.

ಟೈಗರ್ ಮುಂಗಾಲು ಎತ್ತಿ ಬೆನ್ನ ಮೇಲೆ ಹಾಕಿದ್ದೇ, ಬಿಜಲಿ ಗಿರಕ್ಕನೆ ತಿರುಗಿ ಅದರ ಕಿವಿ ಕಚ್ಚಿದಳು. ಮತ್ತೆ ಬಂತು, ಮೂತಿಗೆ ಕಚ್ಚಿದಳು. ಬಾಲವನ್ನು ಹೊಟ್ಟೆಯ ಕೆಳಗೆ ಬಿಗಿಯಾಗಿ ಒತ್ತಿಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಅವಳ ದಿನ ಮುಗಿದಿತ್ತು. ಟೈಗರ್ ನೆತ್ತರು ಸುರಿಸುತ್ತ ಅಳುತ್ತ ಅವಳ ಮುಂದೆಯೇ ನಿಂತಿತ್ತು, ಹೋಗಲೂ ಮನಸ್ಸಿಲ್ಲದೆ.

"ಇವತ್ತು ಎಂತ ಆಯ್ತು ಇದಕ್ಕೆ? ಅಷ್ಟು ದಿನ ಮೂಸಿಯೂ ನೋಡ್ಲಿಲ್ಲ" ಎಂದು ಮೋನಪ್ಪ ತಲೆ ಕೆರೆದುಕೊಂಡ.

ಶಂಕ್ರೆಪ್ಪ ನಾಯಿಗಳನ್ನು ನೋಡಲಿಲ್ಲ. ವ್ಯಾಪಾರಿಯ ಕಣ್ಣು, ಅದು ಸಂಗಪ್ಪನ ಮುಖದ ಮೇಲೆ ನಿಂತಿತು. ಐದು ವರ್ಷದಲ್ಲಿ ಮೊದಲ ಸಲ ಅವರು ಅವನ ಕಡೆ ಪೂರ್ತಿ ತಿರುಗಿದರು.

"ಇವತ್ತ ಎರದಿಲ್ಲ, ಅದಕ್ಕ ಬಂತು. ಹೌದಲ್ಲ?"

"ಹೌದ್ರಿ. ಮೈ ತೊಳದ್ರ ವಾಸನಿ ಹೋಗತೈತಿ. ವಾಸನಿ ಇಲ್ಲಂದ್ರ ಗಂಡಿಗೆ ಏನೂ ತಿಳಿಯೂದಿಲ್ಲ."

"ನಿನಗ ಮೊದಲ ಗೊತ್ತಿತ್ತೇನು?"

"ಗೊತ್ತಿತ್ರಿ. ಮೊದಲನೇ ದಿನಾನ ಗೊತ್ತಿತ್ತು." ಸಂಗಪ್ಪ ಕತ್ತು ನೆಟ್ಟಗೆ ಮಾಡಿದ. ಈ ಗಳಿಗೆಗಾಗಿಯೇ ಅವನು ಹದಿನೇಳು ದಿನ ಕಾದಿದ್ದ. "ನೀವು ಕೇಳಲಿಲ್ರಿ."

ಸಾವಕಾರರು ಬೈಯುತ್ತಾರೆ ಎಂದುಕೊಂಡಿದ್ದ. ನಾಚುತ್ತಾರೆ ಎಂದುಕೊಂಡಿದ್ದ. ಅವರು ಕಿಸೆಯಿಂದ ಚಿಟಿಕೆ ನಶ್ಯ ತೆಗೆದು ಏರಿಸಿ, ವಸ್ತ್ರದಿಂದ ಮೂಗು ಒರೆಸಿಕೊಂಡರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ನಾ ಯಾಕ ಕೇಳಲೋ ಹುಚ್ಚಾ? ಲೈಸೆನ್ಸಿನ ಸಾಹೇಬಗ ಒಂದು ಮರಿ ಕೊಡೂದು ಅಷ್ಟ ನನ್ನ ಕೆಲಸ. ಇದಿಲ್ಲಂದ್ರ ಶೇಠಜಿ ಕಡೆ ಒಂದು ಅಲ್ಸೇಶನ್ ತಂದು ಕೊಡತೀನಿ. ಮರಿ ಬೇಕಾಗಿದ್ದು ನಿನಗ. ನೀನ ಹೇಳಬೇಕಿತ್ತು."

ಅಷ್ಟು ಹೇಳಿ ಅವರು ಮೋನಪ್ಪನ ಜೊತೆ ಕಾಫಿಗೆ ಒಳಗೆ ಹೋದರು. ಬೀಗರು ರಾಜಿಯಾಗಿದ್ದರು. ಕಿಟಕಿಯಲ್ಲಿ ನಗು ಮತ್ತೆ ಶುರುವಾಯಿತು.

ಸಂಗಪ್ಪ ಅಂಗಳದಲ್ಲೇ ಉಳಿದ. ಜನರೆಲ್ಲ ಮೂರ್ಖರು ಎಂಬ ಅವನ ಹಳೆಯ ಮಾತು ಅವನ ಸಹಾಯಕ್ಕೆ ಬರಲಿಲ್ಲ. ತೊಳೆದವರು ತಿಳಿಯದೆ ತೊಳೆದರು. ತಿಳಿದವನು ಬಿಂದಿಗೆ ಬಿಂದಿಗೆ ನೀರು ಹೊತ್ತುಕೊಟ್ಟಿದ್ದ. ಅವನು ಬಿಜಲಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವಳ ಬೆಳ್ಳಗಾಲನ್ನು ಕೈಯಲ್ಲಿ ಹಿಡಿದುಕೊಂಡ.

"ಹನ್ನೊಂದನೇ ದಿನಕ್ಕ ಕರಕೊಂಡು ಬರಬೇಕು" ಎಂದ ಮೆಲ್ಲಗೆ. "ಗಂಡಿನ ಜಾಗಕ್ಕ ಕರಕೊಂಡು ಬರಬೇಕು. ನಸುಕಿನ್ಯಾಗ ಬರಬೇಕು, ಮಂದಿ ಇರಬಾರದು. ಮೈ ತೊಳೀಬಾರದು. ಒಂದು ತಂಬಿಗಿ ನೀರು ಸುದ್ದಾ ಹಾಕಬಾರದು. ಎರಡು ದಿನ ಬಿಟ್ಟು ಮತ್ತೊಮ್ಮಿ ಕರಕೊಂಡು ಬರಬೇಕು..."

ಅಜ್ಜನಿಂದ ಕಲಿತದ್ದು, ಅಪ್ಪನಿಂದ ಕಲಿತದ್ದು, ತಾನೇ ಕಂಡುಕೊಂಡದ್ದು, ಎಲ್ಲವನ್ನೂ ಯಾರೂ ಕೇಳದೆಯೇ ಒಂದೊಂದಾಗಿ ಹೇಳುತ್ತ ಹೋದ. ಒಳಗೆ ಕಾಫಿಯ ಕಪ್ಪು, ಬಸಿಗಳ ಸದ್ದಾಗುತ್ತಿತ್ತು. ಬಿಜಲಿ ಅವನ ಮೊಣಕಾಲ ಮೇಲೆ ಮೂತಿ ಇಟ್ಟು ಸ್ವಲ್ಪ ಹೊತ್ತು ಕೇಳಿಸಿಕೊಂಡಳು, ಆಮೇಲೆ ನಿದ್ದೆಹೋದಳು.